ಫ್ರಿಜ್ಜಿನ ಬೆನ್ನಿಗೆ ಕೋಟು

ಆ ಬಾರಿನ ಬಿಯರ್ ಎಷ್ಟು ತಣ್ಣಗಿರುತ್ತಿತ್ತೆಂದರೆ, ಮೊದಲ ಗುಟುಕಿಗೆ ಹಲ್ಲು ಜುಮ್ಮೆನ್ನುತ್ತಿತ್ತು, ಎರಡನೆಯದಕ್ಕೆ ಮಂಡಿ ಮರಗಟ್ಟುತ್ತಿತ್ತು, ಮೂರನೆಯದಕ್ಕೆ ಕುಡಿಯುವವನಿಗೆ ತನ್ನ ಹೆಸರೇ ಮರೆತುಹೋಗುತ್ತಿತ್ತು. ಹಾಗೆಂದು ಊರಿಗೆಲ್ಲ ಸಾರುತ್ತಿದ್ದವನು ಬಾರಿನ ಮಾಲೀಕ. ಅವನ ಬಾಯಿಗೆ ಹೊಕ್ಕ ಸೊಳ್ಳೆ ಆನೆಯಾಗಿ ಹೊರಬರುತ್ತಿದ್ದುದರಿಂದ ಬೀದಿಯವರು ಅವನಿಗೆ ಜಂಬಣ್ಣ ಎಂದು ಹೆಸರಿಟ್ಟಿದ್ದರು.

ಚಳಿಗಾಲ ಶುರುವಾದ ಮೇಲಿನ ಮೊದಲ ಕರೆಂಟ್ ಬಿಲ್ಲನ್ನು ಅವನ ಹೆಂಡತಿ, ಸತ್ತ ಇಲಿಯ ಬಾಲ ಹಿಡಿದ ಹಾಗೆ, ಎರಡೇ ಬೆರಳಲ್ಲಿ ಹಿಡಿದು ಕೌಂಟರಿಗೆ ಬಂದಳು.

"ಏನ್ರೀ ಇದು? ಬಾರ್ ನಡೆಸ್ತಿದ್ದೀರೋ, ಇಡೀ ಊರಿನ ಬೀದಿದೀಪ ಉರಿಸ್ತಿದ್ದೀರೋ?"

"ಬಿಡೇ, ಇದೂ ಒಂದು ಬಿಲ್ಲಾ! ನಾನು ಮನಸ್ಸು ಮಾಡಿದ್ರೆ ಅರ್ಧಕ್ಕೆ ಇಳಿಸ್ತೀನಿ. ಅರ್ಧ ಯಾಕೆ, ಕಾಲು ಭಾಗಕ್ಕೆ!"

"ಕಾಲೂ ಬೇಡ, ಕೈಯೂ ಬೇಡ. ಎರಡು ತಿಂಗಳು ಟೈಮ್ ಕೊಡ್ತೀನಿ. ಆಮೇಲಿನ ಬಿಲ್ಲು ಇದಕ್ಕಿಂತ ಕಮ್ಮಿ ಬರ್ಲಿಲ್ವೋ, ಬಾರಿನ ಕೀ ನನ್ನ ತಮ್ಮನ ಕೈಗೆ. ನಮ್ಮಪ್ಪನ ಕಟ್ಟಡ ಇದು, ನೆನಪಿರ್ಲಿ."

ಆ ತಮ್ಮನಿಗೆ ಅಲ್ಲೊಂದು ಜಿಮ್ ತೆರೆಯುವ ಆಸೆ. ಮರುದಿನವೇ ಟೇಪು ಹಿಡಿದು ಬಂದ. ಕೌಂಟರ್ ಇದ್ದಲ್ಲಿ ಡಂಬೆಲ್, ಬಾಟಲಿ ಇದ್ದಲ್ಲಿ ಕನ್ನಡಿ ಎಂದು ಅಳೆದು, ಭಾವನ ಸೊಂಟವನ್ನೂ ಒಮ್ಮೆ ಕಣ್ಣಳತೆಯಲ್ಲೇ ಅಳೆದು ಹೋದ.

ಜಂಬಣ್ಣ ಕೌಂಟರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಇಪ್ಪತ್ತೆರಡು ವರ್ಷದಿಂದ ಆ ಕೌಂಟರಿನ ಹಿಂದೆ ನಿಂತಾಗ ಮಾತ್ರ ಅವನ ಮಾತನ್ನು ಯಾರಾದರೂ ಕೂತು ಕೇಳುತ್ತಿದ್ದರು. ಮನೆಯಲ್ಲಿ ಕುಕ್ಕರಿನ ಸೀಟಿಗಿದ್ದ ಮರ್ಯಾದೆ ಅವನ ಮಾತಿಗಿರಲಿಲ್ಲ. ಕೌಂಟರ್ ಹೋದರೆ ಆ ಬಾಯಿಯನ್ನು ಎಲ್ಲಿಗೆ ಕೊಂಡೊಯ್ಯುವುದು?

ಅವತ್ತೇ ಉಳಿತಾಯದ ಯುದ್ಧ ಸಾರಿದ. ಹದಿನಾರು ಬಲ್ಬುಗಳಲ್ಲಿ ಉಳಿದವು ನಾಲ್ಕು. ಟಾಯ್ಲೆಟ್ಟಿನಲ್ಲಿ ಒಂದೂ ಇಲ್ಲದೆ, ಒಳಗಿದ್ದವರು 'ನಾನಿದ್ದೇನೆ' ಎಂದು ತಿಳಿಸಲು ಸಿಳ್ಳೆ ಹಾಕಬೇಕಾಯಿತು. ಹಾಡು ನಿಂತಿತು, ಅದರ ಬದಲಿಗೆ ಜಂಬಣ್ಣನೇ ಗುನುಗತೊಡಗಿದ್ದರಿಂದ ಮೂವರು ಗಿರಾಕಿಗಳು ಮತ್ತೆ ಬರದ ಹಾಗೆ ಎದ್ದುಹೋದರು. ಕೊನೆಗೆ, ತನ್ನ ಬೆನ್ನು ತಾನೇ ತಟ್ಟಿಕೊಳ್ಳುವಂಥ ಉಪಾಯವೊಂದು ಹೊಳೆಯಿತು. ಬಾರಿನ ಮೂಲೆಯಲ್ಲೊಂದು ಕಬ್ಬಿಣದ ಒಲೆ ಇತ್ತು. ಬಾಟಲಿ ಬರುವ ಪೆಟ್ಟಿಗೆಗಳ ಮುರುಕು ಹಲಗೆ ಅದರಲ್ಲಿ ಬಿಟ್ಟಿಯಾಗಿ ಉರಿಯುತ್ತಿತ್ತು. ಬಿಲ್ಲಿಗೆ ನಾಲ್ಕು ಕಾಸಾಗಲೆಂದು ಆ ಹಲಗೆಗಳನ್ನು ಬಡಗಿಗೆ ಮಾರಿದ. ಒಲೆ ಆರಿತು.

ಆಮೇಲಿನ ಚಳಿ ಸಾಮಾನ್ಯದ್ದಲ್ಲ. ಗಿರಾಕಿಯೊಬ್ಬ ನಕ್ಕರೆ ಆ ನಗು ಅರ್ಧದಾರಿಯಲ್ಲೇ ಹೆಪ್ಪುಗಟ್ಟಿ ಮೇಜಿನ ಮೇಲೆ ಟಣ್ಣೆಂದು ಬೀಳುತ್ತಿತ್ತು. ಸಪ್ಲೈಯರ್ ಕೈಗವಸು ಹಾಕಿಕೊಂಡೇ ಗ್ಲಾಸು ತರುತ್ತಿದ್ದ.

ತಿಂಗಳು ಕಳೆದು ಬಿಲ್ಲು ಬಂತು. ಹಿಂದಿನದಕ್ಕಿಂತ ಜಾಸ್ತಿ!

ಜಂಬಣ್ಣ ಬಿಲ್ಲನ್ನು ತಲೆಕೆಳಗು ಮಾಡಿ ನೋಡಿದ. ಆಗಲೂ ಜಾಸ್ತಿಯೇ ಇತ್ತು. ಸ್ಟೂಲು ಹತ್ತಿ, ಉಳಿದ ನಾಲ್ಕರಲ್ಲಿ ಎರಡು ಬಲ್ಬು ಬಿಚ್ಚತೊಡಗಿದ. ಪಾತ್ರೆ ತೊಳೆಯುವ ಅಕ್ಕ ಒದ್ದೆ ಕೈ ಸೆರಗಿಗೆ ಒರೆಸುತ್ತಾ ಕೆಳಗೆ ಬಂದು ನಿಂತಳು.

"ಯಜಮಾನ್ರೇ, ಆ ಫ್ರಿಜ್ಜು..."

"ಅಕ್ಕಾ, ಗ್ಲಾಸು ತೊಳೆಯೋಕೆ ಬಿಸಿನೀರು ಬೇಕು ಅಂತ ಮಾತೆತ್ತಬೇಡಿ."

"ಬಿಸಿನೀರಲ್ಲ. ಹೋದ ತಿಂಗಳಿಂದ ಹೇಳ್ಬೇಕು ಅಂತಿದ್ದೀನಿ, ಆ ಫ್ರಿಜ್ಜು..."

"ಉಳಿತಾಯ ನನಗೆ ಬಿಡಿ. ನಿಮಗೆ ಗ್ಲಾಸು."

"ಸರಿ. ಇಳಿಯೋವಾಗ ಹುಷಾರು, ಕತ್ತಲು," ಎಂದು ಅಕ್ಕ ಹೋದಳು.

ಹಾಡಿಲ್ಲದ, ನಗೆಯಿಲ್ಲದ ಬಾರಿನಲ್ಲಿ ಆ ಮಧ್ಯಾಹ್ನ ಜಂಬಣ್ಣನಿಗೆ ಮೊದಲ ಬಾರಿ ಬೇರೆಯವರ ಸದ್ದು ಕೇಳಿಸಿತು. ಕೌಂಟರಿನ ಹಿಂದೆ ಆಳೆತ್ತರದ ಮೂರು ಹಳೆಯ ಫ್ರಿಜ್ಜುಗಳು ಸಾಲಾಗಿ ನಿಂತಿದ್ದವು. ಮುಖ ಇತ್ತ, ಬೆನ್ನು ಒಳಕೋಣೆಯತ್ತ. ನಡುವಿನ ಅಡ್ಡಗೋಡೆಯೆಂದರೆ ಅವೇ. ಸ್ವಲ್ಪ ಹೊತ್ತು ಗುಂಯ್‌ಗುಟ್ಟಿ ಸುಮ್ಮನಾಗಬೇಕಾದವು, ಬೆಟ್ಟ ಹತ್ತಿದ ಮುದುಕರ ಹಾಗೆ ಬಿಡುವಿಲ್ಲದೆ ಏದುಸಿರು ಬಿಡುತ್ತಿದ್ದವು.

ಸುತ್ತಿಬಂದು ಒಳಕೋಣೆಗೆ ಇಣುಕಿದ. ಫ್ರಿಜ್ಜುಗಳ ಬೆನ್ನಿನಲ್ಲಿ ಬಿಸಿ ಹೊರಬಿಡುವ ಕಾಯಿಲ್ ಕೊಳವೆಗಳು ಕಾಣಿಸಲೇ ಇಲ್ಲ. ಅವಕ್ಕೆ ನಾಲ್ಕು ಉಣ್ಣೆ ಕೋಟು, ಎರಡು ಶಾಲು, ಒಂದು ಮಂಕಿಕ್ಯಾಪು, ಒಣಗಲೆಂದು ಏಳು ಕಾಲುಚೀಲ ತೊಡಿಸಲಾಗಿತ್ತು. ಅವಕ್ಕೆ ಬೆನ್ನೊತ್ತಿ, ಬೆಂಚಿನ ಮೇಲೆ, ನಾಲ್ವರು ಪಿಂಚಣಿದಾರರು ಕಣ್ಣುಮುಚ್ಚಿ ಕೂತಿದ್ದರು. ಒಂದು ಬಿಯರಿಗೆ ಒಂದು ಮಧ್ಯಾಹ್ನವನ್ನೇ ಮುಗಿಸುವ ಮಂದಿ. ನಟ್ಟನಡುವೆ ಕೂತಿದ್ದವರು ಸಾಕ್ಷಾತ್ ಅವನ ಮಾವ.

"ಮಾವಾ! ಇದೇನಿದು?"

"ಬನ್ನಿ ಅಳಿಯಂದ್ರೇ, ಸ್ವಲ್ಪ ಬೆನ್ನು ಕೊಟ್ಟು ನೋಡಿ. ಸ್ವರ್ಗ! ಚಳಿ ಶುರುವಾದಾಗ ನನ್ನ ಕೋಟು ಒಂದೇ ಇತ್ತು. ನೀವು ಒಲೆ ಆರಿಸಿದ ಮೇಲೆ ಇವರೆಲ್ಲರದ್ದೂ ಬಂತು. ಆ ಏಳನೇ ಕಾಲುಚೀಲ ಯಾರದ್ದೋ ಗೊತ್ತಿಲ್ಲ."

ಹಿಂದಿನಿಂದ ಅಕ್ಕನ ದನಿ ಬಂತು. "ಆ ಕಾಯಿಲ್‌ಗೆ ಗಾಳಿ ಆಡ್ಬೇಕು, ಯಜಮಾನ್ರೇ. ಹೀಗೆ ಹೊದಿಸಿಟ್ರೆ ಒಳಗಿನ ಬಿಸಿ ಎಲ್ಲಿಗೆ ಹೋಗುತ್ತೆ? ಅದಕ್ಕೇ ಪಾಪ, ನಿಲ್ಲದೇ ಓಡ್ತಿವೆ. ನೀವು ಚಳಿ ಮಾಡಿದಷ್ಟೂ ಇವರು ಕೋಟು ಹೊದಿಸ್ತಾರೆ, ಕೋಟು ಹೊದಿಸಿದಷ್ಟೂ ಬಿಲ್ಲು ಏರುತ್ತೆ. ನಾನು ಹೇಳೋಕೆ ಬಂದಾಗ್ಲೆಲ್ಲ ನೀವು ಬಲ್ಬು ಬಿಚ್ತಿದ್ರಿ."

ಜಂಬಣ್ಣ ಒಂದು ಕೋಟಿಗೆ ಕೈಹಾಕಿದವನು, ಅದು ಮಾವನದೆಂದು ಕಂಡು ಕೈ ಬಿಟ್ಟ. ಕಟ್ಟಡದ ಒಡೆಯನನ್ನೇ ಎಬ್ಬಿಸಿ ಓಡಿಸುವುದುಂಟೇ? ನೇರ ಬಡಗಿಯಲ್ಲಿಗೆ ಓಡಿದ. ಹಲಗೆಗಳು ಅಷ್ಟರಲ್ಲಿ ಸ್ಟೂಲಾಗಿದ್ದವು. ಮಾರಿದ್ದಕ್ಕಿಂತ ಮೂರು ಪಟ್ಟು ಕೊಟ್ಟು ಎಂಟು ಸ್ಟೂಲು ಕೊಂಡುತಂದು, ಕಾಲು ಮುರಿದು ಒಲೆಗೆ ತುರುಕಿದ. ಒಲೆಯ ಪಕ್ಕಕ್ಕೆ ಬೆಂಚು ಎಳೆದು ಮಾವನನ್ನು ಕೈಹಿಡಿದು ಕೂರಿಸಿದ. ಗೋಡೆಗೆ ನಾಲ್ಕು ಮೊಳೆ ಹೊಡೆದು ಕೋಟುಗಳನ್ನು ತೂಗುಹಾಕಿದ. ಸಂಜೆಯ ಹೊತ್ತಿಗೆ ಫ್ರಿಜ್ಜುಗಳು ಒಂದೊಂದಾಗಿ ನಿಟ್ಟುಸಿರು ಬಿಟ್ಟು ಸುಮ್ಮನಾದವು.

ಮುಂದಿನ ಬಿಲ್ಲು ಬಂದ ದಿನ ಹೆಂಡತಿ ತಮ್ಮನನ್ನು ಕರೆತಂದಳು, ಅವನು ಟೇಪನ್ನು ತಂದ. ಕವರು ಒಡೆದಳು, ಓದಿದಳು, ಹುಬ್ಬೇರಿಸಿದಳು. ಮೊದಲ ಬಿಲ್ಲಿಗಿಂತ ಕಡಿಮೆ ಇತ್ತು.

"ಹೇಗ್ರೀ ಮಾಡಿದ್ರಿ?"

ನಿಜ ಹೇಳಿ ಮುಗಿಸಬಹುದಿತ್ತು. ಆದರೆ ಎದುರಿಗೆ ಹನ್ನೆರಡು ಗಿರಾಕಿಗಳ ಇಪ್ಪತ್ತನಾಲ್ಕು ಕಿವಿಗಳು ಖಾಲಿ ಬಿದ್ದಿದ್ದವು. ಜಂಬಣ್ಣನ ಎದೆ ಉಬ್ಬಿ ಅಂಗಿಯ ಗುಂಡಿಯೊಂದು ಸಿಡಿಯಿತು.

"ಆರು ದಿನ ಅನ್ನ ನೀರು ಬಿಟ್ಟೆ. ಒಂದೊಂದು ಬಲ್ಬಿನ ನಾಡಿ ಹಿಡಿದು, ವೈರು ವೈರಿನ ಜಾತಕ ತೆಗೆದು..."

"ಅಳಿಯಂದ್ರೇ," ಒಲೆಯ ಪಕ್ಕದಿಂದ ಮಾವ ಕೂಗಿದರು, "ನಮ್ಮ ಕೋಟು ತೆಗೆಸಿದ್ದು ಹೇಳಿ! ಆ ಅಕ್ಕ ನಿಮಗೆ ಬೈದಿದ್ದು ಹೇಳಿ! ಸ್ಟೂಲು ಸುಟ್ಟಿದ್ದೂ ಹೇಳಿ!"

ಬಾರಿಗೆ ಬಾರೇ ನಕ್ಕಿತು. ಈ ಸಲ ಯಾವ ನಗುವೂ ಹೆಪ್ಪುಗಟ್ಟಲಿಲ್ಲ.

ಹೆಂಡತಿ ಅಪ್ಪನನ್ನು ನೋಡಿದಳು, ಗಂಡನನ್ನು ನೋಡಿದಳು, ಅಕ್ಕನನ್ನು ಹೆಚ್ಚು ಹೊತ್ತು ನೋಡಿದಳು. "ಟೇಪು ಸುತ್ಕೊಳ್ಳೋ," ಎಂದು ತಮ್ಮನಿಗೆ ಹೇಳಿ, ಕೌಂಟರಿನ ಮೇಲಿದ್ದ ಬಾರಿನ ಕೀಗೊಂಚಲು ಎತ್ತಿ ಗಂಡನ ಕೈಗಿಟ್ಟಳು. ಆಮೇಲೆ ಆ ಗೊಂಚಲಿನಿಂದಲೇ ಸ್ವಿಚ್‌ಬೋರ್ಡಿನ ಪೆಟ್ಟಿಗೆಯ ಪುಟ್ಟ ಕೀ ಬಿಡಿಸಿ ಅಕ್ಕನ ಕೈಗಿಟ್ಟಳು. ಅಕ್ಕ ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಗ್ಲಾಸು ತೊಳೆಯಲು ಹೋದಳು.

ಮರುದಿನ ಸಂಜೆ ಅಡುಗೆಮನೆಯ ಬಾಗಿಲಲ್ಲಿ ಜಂಬಣ್ಣ ಕೈಕಟ್ಟಿ ನಿಂತಿದ್ದ.

"ಅಕ್ಕಾ, ಕೌಂಟರಿನ ಮೇಲೆ ಇನ್ನೊಂದು ಬಲ್ಬು..."

"ಯಾಕೆ? ಒಂದಿದೆಯಲ್ಲ."

"ಹೊಸ ಗಿರಾಕಿ ಬಂದಿದಾರೆ. ಬಿಲ್ಲು ಇಳಿಸಿದ ಕತೆ ಹೇಳ್ತಿದ್ದೆ. ನನ್ನ ಮುಖ ಕಾಣ್ಬೇಡ್ವಾ?"

ಅಕ್ಕ ಗ್ಲಾಸನ್ನು ಬೆಳಕಿಗೆ ಹಿಡಿದು ನೋಡಿ, ಕೆಳಗಿಟ್ಟು, ಸೆರಗಿನ ಗಂಟು ಬಿಚ್ಚಿದಳು.

"ಹತ್ತು ನಿಮಿಷ," ಎಂದಳು. "ಅಷ್ಟರಲ್ಲಿ ಮುಗಿಸ್ಬೇಕು."