ಮುದ್ದೇಬಿಹಾಳದ ಬೆಂಚು

ಈ ರಕ್ತಪರೀಕ್ಷೆಯನ್ನು ನಾನು ನಮ್ಮೂರು ಇಂಡಿಯಲ್ಲಿ ಮಾಡಿಸುವುದಿಲ್ಲ. ಅಲ್ಲಿನ ದವಾಖಾನೆಯಲ್ಲಿ ಚೀಟಿ ಬರೆಯುವ ರಾಜೇಶ್ವರಿ ನಮ್ಮ ಅತ್ತಿಗೆಗೆ ಗೆಳತಿ. ಸಿಂದಗಿಯಲ್ಲಿ ಅಕ್ಕನ ಮನೆ. ಬಸವನ ಬಾಗೇವಾಡಿಯವರು ನಮ್ಮ ಅಂಗಡಿಗೆ ಟ್ರ್ಯಾಕ್ಟರ್ ಸಾಮಾನಿಗೆ ಬರುತ್ತಾರೆ. ಹೀಗಾಗಿ ಎರಡು ಬಸ್ಸು ಬದಲಿಸಿ ಮುದ್ದೇಬಿಹಾಳದ ಒಂದು ಖಾಸಗಿ ದವಾಖಾನೆಗೆ ಬರುತ್ತೇನೆ.

ಎರಡು ವರ್ಷದಿಂದ ಅನಿಲಕುಮಾರ ಮತ್ತು ನಾನು ಗುಟ್ಟಾಗಿ ಕೂಡುತ್ತೇವೆ. ಅವನಿಗೆ ನಾನೊಬ್ಬನೇ ಅಲ್ಲ ಎಂಬುದೂ ನನಗೆ ಗೊತ್ತು. ಅದಕ್ಕೇ ಎಚ್‌ಐವಿ ಬಾರದಿರಲೆಂದು ದಿನಕ್ಕೊಂದು ಗುಳಿಗೆ ನುಂಗುತ್ತಿದ್ದೆ. ಮೂರು ತಿಂಗಳಿಗೊಮ್ಮೆ ಪರೀಕ್ಷೆಯಾದರೇ ಮುಂದಿನ ಡಬ್ಬಿ. ಹೋದ ಸಲ ಬಾಗಿಲಲ್ಲಿ ಯಾರೋ ಪರಿಚಯದವರಂತೆ ಕಂಡು ತಿರುಗಿ ಹೋಗಿಬಿಟ್ಟೆ. ಗುಳಿಗೆ ಇಲ್ಲದೆ ಏಳು ವಾರವಾಯಿತು. ಅನಿಲಕುಮಾರನನ್ನು ಮಾತ್ರ ಬಿಡಲಿಲ್ಲ. ಅಷ್ಟರಲ್ಲಿ ರೋಗ ಬಂದಿದ್ದರೆ?

ಇವತ್ತು ಬಂದು ಬೆಂಚಿನ ಮೇಲೆ ಕೂತೆ, ಎದ್ದೆ, ನೀರು ಕುಡಿದು ಬಂದು ಮತ್ತೆ ಕೂತೆ. ಆಗ ನೋಡಿದರೆ ಪಕ್ಕದಲ್ಲಿ ನಮ್ಮೂರ ಹತ್ತಿರದ ಸಾಲೋಟಗಿಯ ಧರೆಪ್ಪ ಕಾಕಾ ಇದ್ದರು. ಅಪ್ಪನ ಜತೆ ಭಜನೆಗೆ ಕೂಡುವವರು.

"ನೀ ಇಲ್ಲ್ಯಾಕೋ ಮುತ್ತು?"

"ಹೊಟ್ಟಿನೋವು ಐತ್ರಿ ಕಾಕಾ."

"ಹೊಟ್ಟಿನೋವಿಗೆ ಎರಡ ಬಸ್ ಹತ್ತಿ ಬಂದಿ? ನಂದೂ ಅದ ಹೊಟ್ಟಿನೋವು. ಎಂಟ ವರ್ಷ ಆತು."

ಅವರು ಚೀಲದಿಂದ ಡಬ್ಬಿ ತೆಗೆದರು. ನನ್ನದರಂಥದ್ದೇ ಬಿಳಿ ಡಬ್ಬಿ, ಆದರೆ ಎಚ್‌ಐವಿ ಬಂದವರು ನುಂಗುವ ಗುಳಿಗೆ. ನೋಡಿದ್ದೇ ನಾನು ಗೇಣುದ್ದ ಆಚೆ ಸರಿದೆ. ಹತ್ತಿರ ಕೂತರೆ ಅಂಟುವುದಿಲ್ಲವೆಂದು ಓದಿ ತಿಳಿದಿದ್ದೆ. ಆದರೂ ಸರಿದೆ. ಅವರಿಗೆ ಅದು ಕಂಡಿತು. ಅದನ್ನು ಬದಿಗಿಟ್ಟು, ದಿನಾ ತಪ್ಪಿಸದೆ ನುಂಗಬೇಕೆಂದೂ ನಿನ್ನೆ ತಾವೇ ಎರಡೆಕರೆ ತೊಗರಿ ಹೊಲಕ್ಕೆ ಎಡೆಕುಂಟೆ ಹೊಡೆದು ಬಂದದ್ದಾಗಿಯೂ ಹೇಳಿ ನನಗೆ ಧೈರ್ಯ ತುಂಬತೊಡಗಿದರು. ನನಗೆ ರೋಗ ಬಂದಿದೆಯೆಂದೇ ಅವರ ಲೆಕ್ಕ.

ಇಲ್ಲ ಎನ್ನಬೇಕು. ಇಲ್ಲವೆಂದರೆ, ಮತ್ತೇಕೆ ಬಂದೆ ಎನ್ನುತ್ತಾರೆ. ರೋಗವೆಂದರೆ ಮರುಗುವ ಕಾಕಾ ಅನಿಲಕುಮಾರನ ಹೆಸರು ಕೇಳಿದರೆ ಮರುಗುತ್ತಾರೆಯೇ?

ನರ್ಸ್ ನನ್ನ ಹೆಸರು ಕರೆದಳು. ನಾನು ಎದ್ದು ಬಾಗಿಲ ಕಡೆ, ಬಸ್‌ಸ್ಟ್ಯಾಂಡಿನ ಹಾದಿಯ ಕಡೆ ತಿರುಗಿದೆ. ಕಾಕಾ ನನ್ನ ಚೀಲದ ಪಟ್ಟಿ ಹಿಡಿದರು.

"ಒಳಗ ಹೋಗಿ ಬಾ. ಚೀಲ ನಾ ಹಿಡಕೊಂಡಿರ್ತೇನಿ."

ಚೀಲ ಕೊಟ್ಟೆ. ಕೊಟ್ಟ ಮೇಲೆ ಸುಮ್ಮನಿರಲಾಗಲಿಲ್ಲ.

"ಕಾಕಾ, ನನಗ ಬಂದಿದ್ದಿಲ್ರಿ. ಬರಬಾರದಂತ ಮೊದಲ ಗುಳಿಗಿ ನುಂಗತಿದ್ದೆ. ಇಲ್ಲಿಗೆ ಬರಾಕ ಅಂಜಿ ಬಿಟ್ಟೆ. ಈಗ ಗೊತ್ತಿಲ್ಲ."

ಯಾರ ಜತೆ ಎಂದು ಅವರು ಕೇಳಲಿಲ್ಲ. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ತಮ್ಮ ಡಬ್ಬಿಯನ್ನು ತಿರುಗಿಸಿ ನೋಡಿದರು.

"ಬರೂಕಿಂತ ಮೊದಲ ನುಂಗೂ ಗುಳಿಗಿ ಐತೇನು? ನನಗ್ಯಾರೂ ಹೇಳಲಿಲ್ಲಲ್ಲೋ."

ನರ್ಸ್ ಎರಡನೇ ಸಲ ಕರೆದಳು, ಈ ಸಲ ಜೋರಾಗಿ. ನಾನು ಅಂಗಿಯ ತೋಳು ಮೇಲೇರಿಸುತ್ತ ಒಳಗೆ ಹೋದೆ.