ಸಾಕ್ಷಿಯಮ್ಮನ ಮಹಡಿಗೆ ಬಂದ ಕೆಂಪುತಲೆ

ಬಟ್ಟೆ ಒಣಹಾಕಲು ಮಹಡಿಗೆ ಹೋದ ಸಾಕ್ಷಿಯಮ್ಮ ಕೈಯಲ್ಲಿದ್ದ ಒದ್ದೆ ಹೊದಿಕೆಯನ್ನು ನೆಲಕ್ಕೆ ಬಿಟ್ಟುಬಿಟ್ಟಳು. ಹಗ್ಗದ ತುದಿಯಲ್ಲಿ ಕೆಂಪು ತಲೆಯ ಪುಟ್ಟ ಹಕ್ಕಿಯೊಂದು ಕೂತಿತ್ತು. ಅದು ಇರಬೇಕಾದದ್ದು ಮಂಜು ಬೀಳುವ ಬೆಟ್ಟಗಳಲ್ಲಿ, ಇಲ್ಲಿಂದ ರೈಲು ಹತ್ತಿದರೆ ಎರಡು ದಿನದ ದಾರಿ. ಈ ಕಡೆ ಅದನ್ನು ಕಂಡವರೇ ಇರಲಿಲ್ಲ.

ಸಾಕ್ಷಿಯಮ್ಮ ಅನ್ನುವುದು ಊರಿನ ಹಕ್ಕಿ ನೋಡುವ ಬಳಗದವರು ಬೆನ್ನ ಹಿಂದೆ ಇಟ್ಟ ಹೆಸರು. ಶಾಲೆಯಲ್ಲಿ ವಿಜ್ಞಾನ ಕಲಿಸುವ ಅವಳಿಗೆ ಬಳಗದಲ್ಲಿದ್ದ ಕೆಲಸವೆಂದರೆ, ಯಾರಾದರೂ ಅಪರೂಪದ ಹಕ್ಕಿ ಕಂಡೆ ಅಂದರೆ ಸಾಕ್ಷಿ ಕೇಳಿ, ಹೌದು ಅಥವಾ ಅಲ್ಲ ಅನ್ನುವುದು. ಅಲ್ಲ ಅಂದದ್ದೇ ಹೆಚ್ಚು. ಹಲ್ಲಿನ ಡಾಕ್ಟರು ಕೆಸರಲ್ಲಿ ಮೊಣಕಾಲುದ್ದ ನಿಂತು ತೆಗೆದ ಚಿತ್ರವನ್ನೂ 'ಮಸುಕಾಗಿದೆ' ಎಂಬ ಒಂದೇ ಮಾತಿನಲ್ಲಿ ತಳ್ಳಿಹಾಕಿದ್ದಳು. ಪಾಪ, ಆ ಮನುಷ್ಯ ಎಷ್ಟೋ ದಿನ ಬಳಗದ ಕಡೆ ತಲೆ ಹಾಕಲಿಲ್ಲ. ಕಂಡವರ ಹಕ್ಕಿಗಳಿಗೆಲ್ಲ ತೀರ್ಪು ಕೊಟ್ಟ ಈ ಹೆಂಗಸಿಗೆ ತನ್ನದು ಅಂತ ಹೇಳಿಕೊಳ್ಳಲು ಒಂದು ಹಕ್ಕಿಯೂ ಸಿಕ್ಕಿರಲಿಲ್ಲ. ಆ ಸಂಕಟ ಗೊತ್ತಿದ್ದದ್ದು ಗಂಡನಿಗೆ ಮಾತ್ರ.

"ರೀ! ಕ್ಯಾಮೆರಾ ತನ್ನಿ, ಬೇಗ!"

ಕನ್ನಡಕದ ಅಂಗಡಿಗೆ ಹೊರಟಿದ್ದ ಗಂಡ ಕ್ಯಾಮೆರಾ ತಂದ. ಮಹಡಿಯ ಬಾಗಿಲಲ್ಲೇ ನಿಂತು ಕೈ ಚಾಚಿ ಕೊಟ್ಟ, ಹೊಸಿಲು ದಾಟಲಿಲ್ಲ. ಅದನ್ನೆಲ್ಲ ಗಮನಿಸುವ ಸ್ಥಿತಿಯಲ್ಲಿ ಅವಳಿರಲಿಲ್ಲ.

ಚಿತ್ರ ಬಳಗದವರ ಫೋನುಗಳಿಗೆ ಹೋದದ್ದೇ ತಡ, ಮೆಟ್ಟಿಲ ತುಂಬ ಚಪ್ಪಲಿ. ಹಲ್ಲಿನ ಡಾಕ್ಟರಂತೂ ಬಾಯಿ ತೆರೆದು ಕೂತಿದ್ದ ರೋಗಿಗೆ 'ಹೀಗೇ ಇರಿ, ಈಗ ಬಂದೆ' ಅಂದು ಓಡಿ ಬಂದಿದ್ದರು. ದುರ್ಬೀನು ಹಿಡಿದು ಬಹಳ ಹೊತ್ತು ನೋಡಿದರು. ಹಳೆಯ ಬಾಕಿ ತೀರಿಸಿಕೊಳ್ಳುತ್ತಾರೇನೋ ಎಂದು ಅವಳು ಅವರ ಮುಖವನ್ನೇ ನೋಡಿದಳು.

"ಒಪ್ಪಿದೆ ಮೇಡಂ," ಅಂದರು ಡಾಕ್ಟರು. "ಈ ಕಡೆಗೆ ಇದೇ ಮೊದಲು. ನಿಮ್ಮ ಹೆಸರಲ್ಲೇ ದಾಖಲಾಗತ್ತೆ."

ಅವಳಿಗೆ ಅಳುವೇ ಬಂತು. ಇಂಥ ಹೊತ್ತಲ್ಲಿ ಗಂಡ ಬಾಗಿಲ ಮರೆಯಲ್ಲಿ ನಿಲ್ಲುವುದೇ? ಹೋಗಿ ಕೈ ಹಿಡಿದಳು.

"ಬೇಡ ಕಣೇ, ಅಂಗಡಿಗೆ ಹೊತ್ತಾಯ್ತು."

"ಅಂಗಡಿ ಎಲ್ಲಿಗೂ ಓಡಿಹೋಗಲ್ಲ, ಬನ್ರೀ!" ಎಂದು ಬಿಸಿಲಿಗೆ ಎಳೆದಳು.

ಹಕ್ಕಿ ಒಮ್ಮೆ ಚಿಲಿಪಿಲಿ ಅಂದಿತು. ನೆಟ್ಟಗೆ ಹಾರಿ ಬಂದು ಗಂಡನ ಭುಜದ ಮೇಲೆ ಕೂತಿತು. ಅಲ್ಲಿಂದ ಬಗ್ಗಿ, ಅಂಗಿಯ ಜೇಬಿಗೆ ಕೊಕ್ಕು ತೂರಿಸಿ, ಒಂದು ಕಾಳು ತೆಗೆದು ತಿಂದಿತು.

ಡಾಕ್ಟರು ದುರ್ಬೀನು ಕೆಳಗಿಳಿಸಿದರು.

"ಅಂಗೈ ಹುಣ್ಣಿಗೆ ಕನ್ನಡಿ ಯಾಕೆ," ಅಂದರು ಡಾಕ್ಟರು ಮೆಲ್ಲಗೆ. ಅವರಿಗೂ ನಗು ಬರಲಿಲ್ಲ.

"ಏನ್ರೀ ಇದು?" ಎಂದು ಸಾಕ್ಷಿಯಮ್ಮ ಗಂಡನನ್ನು ಕೇಳಿದಳು.

"ಹಕ್ಕಿ ಮಾರೋನ ಹತ್ರ ಇತ್ತು ಕಣೇ. ನಿನ್ನ ಪುಸ್ತಕದಲ್ಲಿ ನೋಡಿದ ನೆನಪು. ಅಂಗಡಿ ಅಟ್ಟದಲ್ಲಿಟ್ಟು ಸಾಕಿದೆ. ಬೆಳಗ್ಗೆ ಬೇಗ ಹೋಗಿ ಬುಟ್ಟಿಯಲ್ಲಿ ತಂದು ಇಲ್ಲಿ ಬಿಟ್ಟೆ. ತನ್ನ ಬೆಟ್ಟಕ್ಕೆ ಹಾರಿಹೋಗತ್ತೆ, ಹೋಗೋ ಮುಂಚೆ ನಿನ್ನ ಕಣ್ಣಿಗೆ ಬೀಳಲಿ ಅಂದ್ಕೊಂಡೆ. ಎಲ್ಲರ ಹಕ್ಕಿಗೂ ಹೂಂ, ಉಹೂಂ ಅನ್ನೋದರಲ್ಲೇ ನಿನ್ನ ಆಯಸ್ಸು ಕಳೀತು. ನಿನಗೂ ಒಂದಿರಲಿ ಅಂತ..."

ಅವನ ಕೆನ್ನೆಗೆ ಬಾರಿಸಬೇಕೆನ್ನಿಸಿತು, ಅವನ ಎದೆಗೊರಗಿ ಅಳಬೇಕೂ ಅನ್ನಿಸಿತು. ಎರಡಕ್ಕೂ ಕೈ ಏಳಲಿಲ್ಲ. ಹಕ್ಕಿ ಮಾರಲು ಪಂಜರ ಹೊತ್ತು ಬಂದವರನ್ನು ಬೀದಿಯ ಕೊನೆಯವರೆಗೂ ಬೈದು ಅಟ್ಟಿದವಳು ಅವಳು! ಹತ್ತಿರದಿಂದ ನೋಡಿದರೆ ಹಕ್ಕಿಯ ರೆಕ್ಕೆಯ ತುದಿಯ ಗರಿಗಳು ಪಂಜರದ ಸರಳಿಗೆ ಬಡಿದು ಬಡಿದು ಮುರಿದಿದ್ದವು. ಇದು ಯಾವ ಬೆಟ್ಟಕ್ಕೂ ಹಿಂತಿರುಗುವಂತಿರಲಿಲ್ಲ. ನೀರಿನ ಟ್ಯಾಂಕಿನ ಮೇಲೆ ಆಗಲೇ ಎರಡು ಕಾಗೆ ಬಂದು ಕೂತಿದ್ದವು.

ಅವಳು ಫೋನು ತೆಗೆದು, ಎಲ್ಲರ ಎದುರಿಗೇ, ತನ್ನ ಚಿತ್ರದ ಕೆಳಗೆ ಬರೆದಳು: 'ಅಲ್ಲ. ಪಂಜರದ ಹಕ್ಕಿ.'

"ಪಂಜರ ಎಲ್ಲಿದೆ?" ಕೇಳಿದಳು.

"ಅಟ್ಟದಲ್ಲೇ ಇದೆ."

"ಹೋಗಿ ತನ್ನಿ. ಇದನ್ನು ನಾನು ಹಿಡ್ಕೋತೀನಿ."

ಅವಳು ಚಾಚಿದ ಕೈಯಿಂದ ಹಕ್ಕಿ ದೂರ ಸರಿದು, ಗಂಡನ ಅಂಗಿಯ ಕತ್ತಿನ ಪಟ್ಟಿಗೆ ಒತ್ತಿಕೊಂಡಿತು. ಇನ್ನೊಮ್ಮೆ ಚಾಚಿದಳು. ಬರಲಿಲ್ಲ. ಗಂಡ ಕತ್ತು ಕೂಡ ಅಲುಗಿಸದೆ ನಿಂತಿದ್ದ.

"ಅಂಗಡಿ ಬೀಗದ ಕೈ ಕೊಡಿ," ಅಂದರು ಹಲ್ಲಿನ ಡಾಕ್ಟರು. "ಪಂಜರ ನಾನು ತರ್ತೀನಿ."