ಮೂರನೇ ನಂಬರಿನ ಸೊಸೆ

ಮಗ ಮೊದಲ ಸಲ ಆ ಹುಡುಗಿಯನ್ನು ಮನೆಗೆ ಕರೆತಂದ ದಿನ ಅವಳ ಎಡಗಣ್ಣಿನ ಸುತ್ತ ನೀಲಿಗಟ್ಟಿತ್ತು, ಕೆಳತುಟಿಗೆ ಎರಡು ಹೊಲಿಗೆ ಬಿದ್ದಿತ್ತು. ತಾಯಿ ಬಾಗಿಲಲ್ಲೇ ಅದನ್ನು ಕಂಡಳು. ನಗುನಗುತ್ತಲೇ ಹುಡುಗಿಯನ್ನು ಕೂರಿಸಿ, ಮಗನ ತೋಳು ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದಳು.

“ಏನೋ, ಅವಳ ಮೇಲೆ ಕೈ ಮಾಡಿದ್ಯಾ? ನಿಜ ಹೇಳು. ನನ್ನ ಹೊಟ್ಟೇಲಿ ಹುಟ್ಟಿ ಇಂಥ ಕೆಲಸ ಮಾಡಿದ್ರೆ ಈಗಲೇ ಮನೆ ಬಿಟ್ಟು ಆಚೆ ನಡಿ!”

ಮಗ ಕಕ್ಕಾಬಿಕ್ಕಿಯಾದ. “ಅಮ್ಮಾ, ಅವಳನ್ನೊಂದ್ಸಲ ಸರಿಯಾಗಿ ನೋಡು. ಅವಳ ಮೇಲೆ ಕೈ ಮಾಡಿದ್ರೆ ನನ್ನ ಕೈ ಮೈಮೇಲೆ ಉಳಿಯುತ್ತಾ?”

ತಾಯಿ ಬಾಗಿಲ ಸಂದಿಯಿಂದ ಇಣುಕಿದಳು. ಅಗಲವಾದ ಭುಜ, ಕಂಬದಂಥ ಕಾಲು. ಕುರ್ಚಿ ಎಲ್ಲಿ ಮುರಿದೀತೋ ಎಂಬಂತೆ ಹುಡುಗಿ ಅದರ ತುದಿಯಲ್ಲಿ ಮುದುಡಿ ಕೂತಿದ್ದಳು. ಅವಳ ಕಸುಬು ಲಿಫ್ಟ್ ರಿಪೇರಿ. ಮಗ ಆಸ್ಪತ್ರೆಯ ಔಷಧಿ ವಿಭಾಗದವನು. ಒಂದು ದಿನ ಮೂರನೇ ಮಹಡಿಗೂ ನಾಲ್ಕನೇ ಮಹಡಿಗೂ ನಡುವೆ ಸಿಕ್ಕಿಹಾಕಿಕೊಂಡು ಬೆವರುತ್ತಿದ್ದವನನ್ನು ಇವಳೇ ಬಾಗಿಲು ಬಿಡಿಸಿ, ಕಂಕುಳಿಗೆ ಕೈಹಾಕಿ, ಮಗುವನ್ನು ಎತ್ತುವ ಹಾಗೆ ಎತ್ತಿ ಹೊರಗಿಟ್ಟಿದ್ದಳು. ಅಲ್ಲಿಗೆ ಅವನು ಮಾರುಹೋಗಿದ್ದ. ಗಾಯಗಳೆಲ್ಲ ರಗ್ಬಿಯವು. ದೇಶದ ಮಹಿಳಾ ತಂಡದಲ್ಲಿ ಮೂರನೇ ನಂಬರಿನ ಅಂಗಿ ಅವಳದು.

“ಆಟದಲ್ಲಿ ನಿನ್ನ ಕೆಲಸ ಏನಮ್ಮ?” ತಾಯಿ ಕೇಳಿದಳು.

“ತಳ್ಳೋದು.”

“ಯಾರನ್ನ?”

“ಎದುರಿಗಿರೋರನ್ನ.”

ಅದಕ್ಕಿಂತ ಹೆಚ್ಚು ಮಾತು ಅವಳ ಬಾಯಿಂದ ಹೊರಡಲಿಲ್ಲ. ಮಿಕ್ಕದ್ದನ್ನು ಮಗನೇ ವಿವರಿಸಿದ. ಎಂಟು ಜನ ಈಕಡೆ, ಎಂಟು ಜನ ಆಕಡೆ, ತಲೆ ತಗ್ಗಿಸಿ ಒಬ್ಬರಿಗೊಬ್ಬರು ಹೆಣೆದುಕೊಂಡು ನಡುವೆ ಉರುಳಿ ಬರುವ ಚೆಂಡಿಗಾಗಿ ತಳ್ಳಾಡುತ್ತಾರೆ. ಅದಕ್ಕೆ ಸ್ಕ್ರಮ್ ಅಂತ ಹೆಸರು. ಹಿಂದಿನವರ ಬಲ, ಎದುರಾಳಿಗಳ ಭಾರ, ಎರಡೂ ಬೀಳುವುದು ಮುಂದಿನ ಸಾಲಿನ ಮೂವರ ಕುತ್ತಿಗೆಯ ಮೇಲೆ. ಇವಳು ಆ ಮೂವರಲ್ಲೊಬ್ಬಳು. ತಂಡದವರು ಇವಳಿಗೆ ಇಟ್ಟ ಹೆಸರು ಬಂಡೆ.

ತಾಯಿಗೆ ಆಟ ತಲೆಗೆ ಹತ್ತಲಿಲ್ಲ. ಆದರೆ ಹುಡುಗಿಯ ಚೀಲದಿಂದ ಇಣುಕುತ್ತಿದ್ದ ಅಂಗಿಯ ಕೊರಳಿನ ಕಂದು ಕಲೆ ಕಣ್ಣಿಗೆ ಬಿತ್ತು. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದ ಮೇಲ್ವಿಚಾರಕಿ ಅವಳು, ಸುಮ್ಮನಿರುವುದು ಹೇಗೆ?

“ರಕ್ತದ ಕಲೆಗೆ ಬಿಸಿನೀರು ಹಾಕಿದ್ಯಾ?”

“ಹೌದು.”

“ಅಯ್ಯೋ, ಬಿಸಿನೀರಲ್ಲಿ ಅದು ಬೆಂದು ಕೂತುಬಿಡುತ್ತೆ ಕಣೇ! ತಣ್ಣೀರು, ಉಪ್ಪು, ಅರ್ಧ ಗಂಟೆ. ಕೊಡು ಇಲ್ಲಿ.”

ಹುಡುಗಿ ಅಂಗಿ ಕೊಟ್ಟಳು. ಆರು ತಿಂಗಳಲ್ಲಿ ಮದುವೆಯಾಯಿತು.

ಮದುವೆಯಾದ ಮೇಲೂ ಅತ್ತೆ ಒಂದು ಪಂದ್ಯವನ್ನೂ ನೋಡಲಿಲ್ಲ. “ನನ್ನ ಕೈಲಾಗಲ್ಲಪ್ಪ” ಎಂದು ಎದ್ದು ಹೋಗುತ್ತಿದ್ದಳು. ಸೊಸೆ ಊರೂರು, ದೇಶದೇಶ ಸುತ್ತಿ ಆಡಿ ಬಂದರೆ ಅತ್ತೆ ಮೊದಲು ನೋಡುತ್ತಿದ್ದುದು ಅವಳ ಮುಖ, ಆಮೇಲೆ ಅಂಗಿ. ಕಲೆ ಎಷ್ಟಿದೆ, ಎಲ್ಲಿದೆ ಎಂಬುದರಿಂದಲೇ ಆಟ ಹೇಗಾಯಿತೆಂದು ಊಹಿಸುವಷ್ಟು ಪಳಗಿದ್ದಳು. ಹೀಗೆ ಮೂವತ್ತೆಂಟು ಪಂದ್ಯ ಕಳೆದವು. ಅಷ್ಟರಲ್ಲಿ ಅತ್ತೆ ಕೆಲಸದಿಂದ ನಿವೃತ್ತಳಾದಳು, ಸೊಸೆ ಬಸುರಾದಳು.

ಅತ್ತೆಯ ಸಂತೋಷಕ್ಕೆ ಎಣೆ ಇರಲಿಲ್ಲ. ಒಂದು ಮಧ್ಯಾಹ್ನ ಸೊಸೆಯ ಬೂಟುಗಳನ್ನು ತೊಳೆದು, ಒಣಗಿಸಿ, ಕಾಗದ ತುರುಕಿ, ಅಟ್ಟದ ಮೇಲಿಟ್ಟಳು. ಇನ್ನು ಇದರ ಗೋಜು ಮುಗಿಯಿತು ಎಂದು ನಿಟ್ಟುಸಿರಿಟ್ಟಳು. ಸೊಸೆ ಕಂಡೂ ಕಾಣದಂತಿದ್ದಳು.

ಹೆಣ್ಣು ಮಗು ಹುಟ್ಟಿತು. ಮಗುವಿಗೆ ಏಳು ವಾರವಾಗಿದ್ದಾಗ ತಂಡದ ಪಂದ್ಯವೊಂದು ಟೀವಿಯಲ್ಲಿ ಬಂತು. ಸೊಸೆ ಸೋಫಾದಲ್ಲಿ ಕೂತು, ಮಗು ಎದ್ದೀತೆಂದು ದನಿ ಪೂರ್ತಿ ತಗ್ಗಿಸಿ, ಹಾಲೂಡಿಸುತ್ತ ನೋಡುತ್ತಿದ್ದಳು. ಅತ್ತೆ ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಿಸುತ್ತಿದ್ದಳು. ಆಗಾಗ ಕೇಳಿಬರುತ್ತಿದ್ದ ಕಿರ್ರ್ ಸದ್ದು ಏನೆಂದು ಬಂದು ನೋಡಿದರೆ, ಸೋಫಾ ಇದ್ದ ಕಡೆ ಇರಲಿಲ್ಲ. ಪರದೆಯ ಮೇಲೆ ಸ್ಕ್ರಮ್ ಬಿದ್ದಾಗೆಲ್ಲ ಸೊಸೆ ತನಗೇ ಗೊತ್ತಿಲ್ಲದೆ ಎರಡೂ ಪಾದ ನೆಲಕ್ಕೊತ್ತಿ ತಳ್ಳುತ್ತಿದ್ದಳು. ಸೋಫಾ ಗೇಣುಗೇಣಾಗಿ ಹಿಂದೆ ಸರಿದು ಗೋಡೆಗೆ ತಾಗಿ ನಿಂತಿತ್ತು. ನೆಲದ ಮೇಲೆ ನಾಲ್ಕು ಉದ್ದನೆಯ ಗೀರು. ಮಗು ಮಾತ್ರ ನಿದ್ದೆಯಲ್ಲಿತ್ತು. ಸೊಸೆಯ ಕೆನ್ನೆ ಒದ್ದೆಯಾಗಿತ್ತು.

ಅತ್ತೆ ಗೀರುಗಳನ್ನು ನೋಡಿದಳು, ಸೊಸೆಯನ್ನು ನೋಡಿದಳು. ಏಣಿ ತಂದು ಅಟ್ಟ ಹತ್ತಿ ಬೂಟು ಇಳಿಸಿ ಅವಳ ಕಾಲಬಳಿ ಇಟ್ಟಳು.

“ನೀನು ಹೋಗು ಮಾರಾಯ್ತಿ. ನೀನು ಮನೇಲಿದ್ರೆ ಮನೆ ಉಳಿಯಲ್ಲ.”

ಡಾಕ್ಟರು ಒಪ್ಪಿದ ಮೇಲೆ ತಾಲೀಮು ಶುರುವಾಯಿತು. ಜಾಗ ಅತ್ತೆಯೇ ಹುಡುಕಿದಳು. ಆಸ್ಪತ್ರೆಯ ಹಿಂಬದಿ, ಒದ್ದೆ ಹಾಸಿಗೆಬಟ್ಟೆ ತುಂಬಿದ ಗಾಲಿಗಾಡಿಗಳನ್ನು ಏರಿಸುವ ಇಳಿಜಾರು. ಹಳೆಯ ಸಹೋದ್ಯೋಗಿಗಳು ಮೂಗಿನ ಮೇಲೆ ಬೆರಳಿಟ್ಟು ನೋಡುತ್ತಿದ್ದಂತೆ ಸೊಸೆ ಗಾಡಿ ತಳ್ಳುವಳು, ಮಗುವನ್ನು ಎದೆಗೆ ಕಟ್ಟಿಕೊಂಡ ಅತ್ತೆ ಪಕ್ಕದಲ್ಲೇ ನಡೆಯುವಳು.

“ಬೆನ್ನು ನೇರ! ಸೊಂಟ ಇಳಿಸು!”

“ಅತ್ತೆ, ನಂಗೊತ್ತು.”

“ಮೂವತ್ತೊಂದು ವರ್ಷ ಇದೇ ಗಾಡಿ ತಳ್ಳಿದ್ದೀನಿ. ನಿಂಗಿಂತ ನಂಗೊತ್ತು.”

ಮಗುವಿಗೆ ಏಳು ತಿಂಗಳಾದಾಗ ತರಬೇತುದಾರಳು ಮನೆಗೇ ಬಂದಳು. ಮೈದಾನದಲ್ಲಿ ಕೂಗಿಕೂಗಿ ಗಂಟಲು ಒಡೆದ, ಕಡ್ಡಿ ಮುರಿದಂತೆ ಮಾತಾಡುವ ಹೆಂಗಸು. “ಜಾಗ ಇದೆ. ಹೊರದೇಶದಲ್ಲಿ ಒಂಬತ್ತು ದಿನ. ಮಗು ಇನ್ನೂ ಹಾಲು ಕುಡಿಯುತ್ತೆ, ಬಿಟ್ಟು ಬರಕ್ಕಾಗಲ್ಲ ಅಂತೀಯ. ಕರ್ಕೊಂಡು ಬಂದ್ರೆ ನೋಡ್ಕೊಳ್ಳೋರು ಯಾರು?”

ಮಗನಿಗೆ ರಜೆ ಇರಲಿಲ್ಲ.

“ಯಾಕೆ, ನಾನೇನು ಸತ್ತುಹೋಗಿದ್ದೀನಾ?” ಎಂದಳು ಅತ್ತೆ. ಅಲ್ಲಿಯವರೆಗೆ ವಿಮಾನ ಹತ್ತಿದವಳಲ್ಲ.

ಪಂದ್ಯದ ದಿನ ಮಗು ಹಟ ಹಿಡಿಯಿತು. ಬಾಟಲಿ ಬಾಯಿಗಿಟ್ಟರೆ ಥೂ ಎಂದು ಉಗಿಯಿತು. ಅತ್ತೆ ಆಡಿಸಿದಳು, ತಟ್ಟಿದಳು, ಮೆಟ್ಟಿಲು ಹತ್ತಿ ಇಳಿದಳು, ಒಂದಕ್ಕೂ ಬಗ್ಗಲಿಲ್ಲ. ವಿರಾಮದ ಸೀಟಿ ಬಿದ್ದದ್ದೇ ತಡ, ಆಟಗಾರ್ತಿಯರ ಕೋಣೆಯತ್ತ ನುಗ್ಗಿದಳು. ಬಾಗಿಲಲ್ಲಿ ಕಾವಲುಗಾರ ಕೈ ಅಡ್ಡ ಹಿಡಿದು, ಕೊರಳಲ್ಲಿ ಪಾಸ್ ಎಲ್ಲಿ ಎಂದು ಸನ್ನೆ ಮಾಡಿದ.

“ನಂಗೇನೂ ಒಳಗೆ ಕೆಲಸ ಇಲ್ಲಪ್ಪ. ಇವಳ ಊಟ ಒಳಗಿದೆ!”

ಅವನಿಗೆ ಅತ್ತೆಯ ಭಾಷೆ ತಿಳಿಯಲಿಲ್ಲ. ಆದರೆ ಅಷ್ಟರಲ್ಲಿ ಮಗು ಸೂರು ಹಾರಿಹೋಗುವ ಹಾಗೆ ಕಿರುಚಿತು. ಅದು ತಿಳಿಯಿತು. ಕೈ ತೆಗೆದ.

ಒಳಗೆ ತರಬೇತುದಾರಳು ಹಲಗೆಯ ಮೇಲೆ ಗೀಟು ಎಳೆಯುತ್ತಿದ್ದಳು. ಅತ್ತೆ ಯಾರನ್ನೂ ಕೇಳದೆ ಹೋಗಿ, ಸೊಸೆಯ ಮೈಮೇಲಿನ ಕೆಸರನ್ನು ಒದ್ದೆ ಬಟ್ಟೆಯಿಂದ ಒರೆಸಿ, ಮಗುವನ್ನು ಮಡಿಲಿಗೆ ಹಾಕಿದಳು. ಮಗು ಗುಟುಕು ಗುಟುಕು ಕುಡಿಯತೊಡಗಿತು. ಇಪ್ಪತ್ತೆರಡು ಜನ ತಮಗೇ ಅರಿವಿಲ್ಲದೆ ದನಿ ತಗ್ಗಿಸಿದರು. ತರಬೇತುದಾರಳು ಕೂಡ ಮಿಕ್ಕ ಬೈಗುಳವನ್ನೆಲ್ಲ ಪಿಸುಮಾತಲ್ಲೇ ಬೈದಳು.

ವಿರಾಮ ಮುಗಿದು ಆಟ ಮತ್ತೆ ಶುರುವಾದಾಗ ಮಗು ತೋಳಲ್ಲಿ ಮಲಗಿದ್ದರಿಂದ ಅತ್ತೆಗೆ ಮೈದಾನದ ಅಂಚಿನಿಂದ ಎದ್ದು ಹೋಗುವ ದಾರಿ ಇರಲಿಲ್ಲ. ಹಾಗಾಗಿ ಜೀವಮಾನದಲ್ಲಿ ಮೊದಲ ಸಲ ಕೂತು ನೋಡಿದಳು. ಮೊದಲ ಸ್ಕ್ರಮ್ಮಿಗೆ ಕಣ್ಣು ಮುಚ್ಚಿದಳು. ಎರಡನೆಯದಕ್ಕೆ ಒಂದು ಕಣ್ಣು ತೆರೆದಳು. ಸೊಸೆಯ ತಲೆ ಆ ಗುಂಪಿನೊಳಗೆ ಮುಳುಗಿತು. ಬೆನ್ನು ನೇರ, ಸೊಂಟ ಕೆಳಗೆ. ಮತ್ತೆ ತಲೆ ಮೇಲೆ ಬಂತು. ಅತ್ತೆ ಉಸಿರು ಬಿಟ್ಟಳು. ಮೂರನೆಯದರ ಹೊತ್ತಿಗೆ “ತಳ್ಳೇ, ತಳ್ಳೇ!” ಎನ್ನುತ್ತಿದ್ದಳು.

ಮೂರು ಅಂಕದಿಂದ ಪಂದ್ಯ ಹೋಯಿತು. ಸೊಸೆ ಕೆಂಪಗಾದ ಕಿವಿ ಹೊತ್ತು ನಗುತ್ತ ಬಂದಳು.

“ಸೋತ್ರಲ್ಲೇ?”

“ಸೋತ್ವಿ ಅತ್ತೆ. ಆದ್ರೆ ಒಂದು ಸ್ಕ್ರಮ್ಮೂ ಹಿಂದೆ ಹೋಗ್ಲಿಲ್ಲ.”

ಆ ಪ್ರವಾಸದಿಂದ ಇಡೀ ತಂಡಕ್ಕೆ ಅವಳು ಅತ್ತೆಯಾದಳು. ಒಬ್ಬನೇ ಮಗ, ಸೊಸೆಯರು ಇಪ್ಪತ್ಮೂರು ಎಂದು ನೆರೆಯವರ ಮುಂದೆ ಹೇಳಿಕೊಂಡು ನಗುವಳು. ಯಾರ ಅಂಗಿಯ ಕಲೆ ಹೋಗದಿದ್ದರೂ ಅದು ಅವಳ ಬಕೆಟ್ಟಿಗೇ ಬರುತ್ತಿತ್ತು.

ನಾಲ್ಕು ವರ್ಷ ಹೀಗೆ ನಡೆಯಿತು. ಆಮೇಲೆ ಡಾಕ್ಟರು ಸೊಸೆಯ ಕುತ್ತಿಗೆಯ ಚಿತ್ರವನ್ನು ಬೆಳಕಿಗೆ ಹಿಡಿದು, ಎರಡು ಮೂಳೆಗಳ ನಡುವೆ ಪೆನ್ನಿನ ತುದಿ ಇಟ್ಟು, “ಇನ್ನು ಸಾಕು” ಎಂದರು. ಸೊಸೆ ಇನ್ನೊಂದೇ ಒಂದು ಪಂದ್ಯ ಕೇಳಿದಳು. ಅವರ ಒಪ್ಪಿಗೆ ಪಡೆದು ತನ್ನ ಊರಿನ ಮೈದಾನದಲ್ಲಿ ಕೊನೆಯ ಪಂದ್ಯಕ್ಕೆ ಇಳಿದಳು. ಅದು ಅರವತ್ತೆರಡನೆಯದು. ಅದಕ್ಕೆ ಮುಂಚಿನ ಅಷ್ಟೂ ಪಂದ್ಯಗಳಲ್ಲಿ ಅವಳು ಒಂದೇ ಒಂದು ಟ್ರೈ ಹೊಡೆದವಳಲ್ಲ. ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೂರುವುದು ಓಡುವವರ ಭಾಗ್ಯ. ತಳ್ಳುವವರಿಗೆ ಅದು ದಕ್ಕುವುದು ಅಪರೂಪ.

ಆಟ ಮುಗಿಯಲು ಹತ್ತು ನಿಮಿಷ ಇದ್ದಾಗ ಮೊಮ್ಮಗಳು ಸೆರಗು ಜಗ್ಗಿದಳು.

“ಅಜ್ಜೀ, ಒಂದಕ್ಕೆ.”

“ಸ್ವಲ್ಪ ತಡ್ಕೋ ಪುಟ್ಟಿ.”

“ಆಗಲ್ಲ.”

ಶೌಚಾಲಯದ ಮುಂದೆ ಹನುಮಂತನ ಬಾಲದಂಥ ಸಾಲು. ಸರದಿ ಬಂದು, ಮೊಮ್ಮಗಳ ಗುಂಡಿ ಬಿಚ್ಚುತ್ತಿದ್ದಾಗ ಗೋಡೆಯಾಚೆ ಮೈದಾನವೇ ಸಿಡಿದಂತೆ ಸದ್ದಾಯಿತು. ಓಡಿ ಬಂದು ನೋಡಿದರೆ ಮಗ ಅಪರಿಚಿತನೊಬ್ಬನನ್ನು ತಬ್ಬಿಕೊಂಡು ಅಳುತ್ತಿದ್ದ, ಮೈದಾನದಲ್ಲಿ ತಂಡವೆಲ್ಲ ಸೊಸೆಯ ಮೇಲೆ ಬಿದ್ದಿತ್ತು.

ಪಂದ್ಯ ಗೆದ್ದರು. ಸೊಸೆ ನೇರವಾಗಿ ಕಂಬಿಯ ಹತ್ತಿರ ಬಂದಳು. ಮುಖದಲ್ಲಿ ಹಲ್ಲು, ಕೆಸರು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

“ನೋಡಿದ್ರಾ ಅತ್ತೆ?”

ಹೂಂ ಅಂದುಬಿಡೋಣ ಎಂದು ಅತ್ತೆಯ ನಾಲಿಗೆ ತುದಿಗೆ ಬಂದಿತ್ತು.

“ಇಲ್ಲ ಕಣೇ. ನಿನ್ನ ಮಗಳಿಗೆ ಒಂದಕ್ಕೆ ಅವಸರ ಆಯ್ತು.”

ಸೊಸೆ ಕಂಬಿ ಹಿಡಿದು ನಗತೊಡಗಿದಳು. ನಕ್ಕು ನಕ್ಕು ಹುಲ್ಲಿನ ಮೇಲೆ ಕುಸಿದು ಕೂತಳು. ಮಗ ಮೊಬೈಲಿನಲ್ಲಿ ತೋರಿಸಲು ಬಂದರೆ ಅತ್ತೆ ಅವನ ಕೈ ಸರಿಸಿದಳು. “ಬೇಡ. ಅವಳ ಬಾಯಿಂದಲೇ ಕೇಳ್ತೀನಿ.”

ಮರುದಿನ ಬೆಳಿಗ್ಗೆ ಅಡುಗೆಮನೆಯ ಮೇಜಿನ ಮೇಲೆ ಸೊಸೆ ಲೋಟಗಳನ್ನು ಎದುರಾಳಿಗಳನ್ನಾಗಿ ನಿಲ್ಲಿಸಿದಳು, ಒಂದು ಮೊಟ್ಟೆಯನ್ನು ಚೆಂಡು ಮಾಡಿದಳು. ಎರಡು ಮಾತಿಗೆ ಮೂರನೆಯದು ಸೇರಿಸದವಳು ಅರ್ಧ ಗಂಟೆ ಹೇಳಿದಳು. ಗೆರೆ ಎರಡು ಮಾರು ದೂರ ಇತ್ತಂತೆ. ಚೆಂಡು ಗುಂಪಿನಡಿ ಕಂಡಿತಂತೆ, ಎತ್ತಿಕೊಂಡಳಂತೆ, ಇಬ್ಬರು ಅಡ್ಡ ಬಂದರಂತೆ, ತಲೆ ತಗ್ಗಿಸಿ ತಳ್ಳಿದಳಂತೆ.

“ನೆಲಕ್ಕೆ ಊರಿದಾಗ ಏನನ್ನಿಸ್ತು?”

ಸೊಸೆ ಯೋಚಿಸಿದಳು. “ಯಾರೂ ಕಿತ್ಕೊಳ್ಳಲಿಲ್ಲ ಅತ್ತೆ. ಅಲ್ಲೇ ಮಲ್ಕೊಂಡಿರೋಣ ಅನ್ನಿಸ್ತು.”

ಅತ್ತೆ ಕುರ್ಚಿ ಹತ್ತಿರ ಎಳೆದುಕೊಂಡು ಮೊಮ್ಮಗಳನ್ನೂ ತೊಡೆಯ ಮೇಲೆ ಕೂರಿಸಿಕೊಂಡಳು.

“ಇನ್ನೊಂದ್ಸಲ ಹೇಳು. ಮೊದಲಿಂದ.”

ಸೊಸೆ ಲೋಟಗಳನ್ನು ಮತ್ತೆ ಜೋಡಿಸಿ ಶುರುಮಾಡಿದಳು. ಈ ಸಲ ಅಡ್ಡ ಬಂದವರು ನಾಲ್ವರಾಗಿದ್ದರು. ಅತ್ತೆ ತಿದ್ದಲು ಹೋಗಲಿಲ್ಲ.